ಅಪ್‌ಡೇಟ್: ಐಫೆಲ್ ಟವರ್ ಹತ್ತಿ ಬಂದೆವು!

ಪ್ಯಾರಿಸ್‌ನಲ್ಲಿ ಐಫೆಲ್ ಟವರ್ ಹತ್ತೋಕೆ ಉದ್ದದ ಕ್ಯೂ ತಪ್ಪಿಸೋದು ಹೇಗೆ ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನಮ್ಮ ದಿನಾಂಕಕ್ಕೆ ಆನ್‌ಲೈನ್‌ನಲ್ಲಿ ಲಿಫ್ಟ್ ಟಿಕೆಟ್ ಖಾಲಿಯಾಗಿತ್ತು. ಅದಕ್ಕೇ ನೀವು ಹೇಳಿದ ಹಾಗೆ ಮೆಟ್ಟಿಲಿನ ದಾರಿ ಹಿಡಿದೆವು. ದಕ್ಷಿಣದ ಕಾಲಿನಿಂದ ಎರಡನೇ ಮಹಡಿಗೆ 674 ಮೆಟ್ಟಿಲು. ಬೆಳಗ್ಗೆ ಬಾಗಿಲು ತೆರೆಯೋ ಹೊತ್ತಿಗೇ ಹೋಗಿದ್ದರಿಂದ ಜನ ಕಡಿಮೆ ಇದ್ದರು. ಅಮ್ಮ ಮೊದಲ ಮಹಡಿಯಲ್ಲಿ ಸುಧಾರಿಸಿಕೊಂಡು ಮತ್ತೆ ಹತ್ತಿದರು. ಕಬ್ಬಿಣದ ತೊಲೆಗಳು, ಸಾಲು ಸಾಲು ರಿವೆಟ್‌ಗಳು ಪಕ್ಕದಲ್ಲೇ ಕಾಣುತ್ತವೆ. ನನಗಂತೂ ಲಿಫ್ಟ್‌ಗಿಂತ ಇದೇ ಜಾಸ್ತಿ ಇಷ್ಟವಾಯಿತು. ತುದಿಗೆ ಹೋಗಬೇಕಾದರೆ ಮಾತ್ರ ಎರಡನೇ ಮಹಡಿಯಿಂದ ಲಿಫ್ಟೇ ಗತಿ.

ಹೋಗುವವರಿಗೆ ಒಂದು ಮಾತು: ಟಿಕೆಟ್ ಇದ್ದರೂ ಸೆಕ್ಯುರಿಟಿ ಚೆಕ್ ಎಲ್ಲರಿಗೂ ಇದೆ. ದೊಡ್ಡ ಬ್ಯಾಗ್ ರೂಮಲ್ಲೇ ಬಿಟ್ಟು ಹೋಗಿ.