'ಇಲ್ಲ' ಸೇರದ 'ಉಳಿಗಾಲ' ಎಲ್ಲಾದರೂ ಉಂಟೇ?

ನಮಸ್ಕಾರ.

'ಉಳಿಗಾಲ' ಎಂಬ ಮಾತನ್ನು ಹಿಂದೆ 'ಇಲ್ಲ' ಅಂಟಿಸದೆ ನಿಮ್ಮ ಕಡೆ ಯಾರಾದರೂ ಆಡುತ್ತಾರೆಯೇ? "ಇನ್ನು ನಮಗೆ ಉಳಿಗಾಲವಿಲ್ಲ", "ಒಳ್ಳೆಯವರಿಗೆ ಎಲ್ಲಿದೆ ಉಳಿಗಾಲ?" ನಾನು ಕೇಳಿರುವುದೆಲ್ಲ ಇಂಥವೇ. ಒಂದೋ ನೇರ ನಿಷೇಧ, ಇಲ್ಲವೇ 'ಇಲ್ಲ' ಎಂಬ ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆ. "ಅವರಿಗೆ ಇನ್ನೆರಡು ವರ್ಷ ಉಳಿಗಾಲ ಉಂಟು" ಎಂದು ಯಾರೂ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಇದು ನನಗೆ ಯಾಕೆ ಬೇಕಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ನಮ್ಮ ಯಜಮಾನರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ಪಿತ್ತಜನಕಾಂಗಕ್ಕೂ ಹರಡಿತ್ತು. ಅವರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದವರು, ನಾನು ಅದೇ ಶಾಲೆಯಲ್ಲಿ ಗಣಿತದ ಮೇಡಂ. ಡಾಕ್ಟರು ನನ್ನನ್ನೂ ಮೈದುನನನ್ನೂ ಕೂರಿಸಿಕೊಂಡು, "ಈ ಕೀಮೋದಲ್ಲಿ ಮೀಡಿಯನ್ ಸರ್ವೈವಲ್ ಹನ್ನೊಂದು ತಿಂಗಳು" ಎಂದರು. ಕಾರಿಡಾರಿಗೆ ಬರುವಷ್ಟರಲ್ಲಿ ಮೈದುನ ಫೋನಿನಲ್ಲಿ, "ಹನ್ನೊಂದು ತಿಂಗಳು ಟೈಮ್ ಕೊಟ್ಟಿದ್ದಾರೆ" ಎನ್ನುತ್ತಿದ್ದ. ಡಾಕ್ಟರ ಮೇಜಿನ ಡ್ರಾಯರಿನಲ್ಲಿ ತಿಂಗಳುಗಳಿದ್ದವೇನೋ, ಎಣಿಸಿ ಕೊಟ್ಟರೇನೋ ಎಂಬಂತೆ. ಸಂಜೆ ಊರಿನಿಂದ ಫೋನ್ ಬಂದಾಗ ಅದು "ಹನ್ನೊಂದೇ ತಿಂಗಳಂತೆ" ಆಗಿತ್ತು. ಒಂದು ಏಕಾರ, ಒಂದು 'ಅಂತೆ'. ಅಷ್ಟರಲ್ಲೇ ಮಧ್ಯಾಂಕ, ಅಂದರೆ ಡಾಕ್ಟರು ಹೇಳಿದ ಮೀಡಿಯನ್, ಹೋಗಿ ಗಡುವು ಬಂತು. ನಾಚಿಕೆಯ ಮಾತೆಂದರೆ, ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಮಧ್ಯಾಂಕ ಬರೆದವಳು ನಾನು, ಆ ರಾತ್ರಿ ಗೋಡೆಯ ಕ್ಯಾಲೆಂಡರಿನಲ್ಲಿ ಹನ್ನೊಂದು ಹಾಳೆ ಎಣಿಸಿದೆ.

ಅವರಿಗೆ ತಿಳಿಸುವುದು ಬೇಡ ಎಂದು ಮನೆಯವರೆಲ್ಲ ಗುಟ್ಟಾಗಿ ತೀರ್ಮಾನಿಸಿದ್ದರು. ನಾಲ್ಕನೇ ದಿನ ಅವರೇ ಕಾಫಿ ಕುಡಿಯುತ್ತಾ, "ಮೀಡಿಯನ್ ಅಂದರೆ ಸರಾಸರಿಯೇ, ಬೇರೆಯೇ?" ಎಂದು ಕೇಳಿದರು. ಯಾರೋ ಫೋನಿನಲ್ಲಿ ಆಡಿದ್ದು ಕಿವಿಗೆ ಬಿದ್ದಿತ್ತು. ಸುಳ್ಳು ಹೇಳಬಹುದಿತ್ತು, ಆದರೆ ನನ್ನದೇ ವಿಷಯದಲ್ಲಿ ತಪ್ಪು ಪಾಠ ಮಾಡಲು ನಾಲಗೆ ಏಳಲಿಲ್ಲ.

ಡಾಕ್ಟರು ಹೇಳಿದ ಅಂಕಿ 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಔಷಧ ಪರೀಕ್ಷೆಯದು. ಹರಡಿದ ಮೇದೋಜೀರಕ ಕ್ಯಾನ್ಸರಿನ 342 ಜನರನ್ನು 171ರಂತೆ ಎರಡು ಗುಂಪು ಮಾಡಿದರು. ಹಳೆಯ ಔಷಧ, ಅಂದರೆ ಜೆಮ್‌ಸಿಟಬಿನ್ ಪಡೆದವರಲ್ಲಿ ಮಧ್ಯಾಂಕ 6.8 ತಿಂಗಳು. ನಾಲ್ಕು ಔಷಧ ಸೇರಿಸಿದ ಫಾಲ್ಫಿರಿನಾಕ್ಸ್ ಪಡೆದವರಲ್ಲಿ 11.1. ಆ 171 ಜನರನ್ನು ಬದುಕಿದ ತಿಂಗಳುಗಳ ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ. 86ನೆಯವರು ನಿಂತ ಜಾಗವೇ ಮಧ್ಯಾಂಕ. (ಪರೀಕ್ಷೆ ಮುಗಿದಾಗಲೂ ಬದುಕಿದ್ದವರನ್ನು ಲೆಕ್ಕಕ್ಕೆ ತರುವ ವಿಧಾನ ಬೇರೆ ಇದೆ. ಸದ್ಯ ಸಾಲೇ ಸಾಕು.) ಅವರಿಂದ ಈಚೆಗೆ 85 ಜನ, ಆಚೆಗೂ 85 ಜನ. "ಹನ್ನೊಂದು ತಿಂಗಳು" ಎನ್ನುವುದು ಆ ಒಬ್ಬರ ವಿಳಾಸ, ನಮ್ಮದಲ್ಲ. ನಮ್ಮವರು ಸಾಲಿನಲ್ಲಿ ಎಲ್ಲಿದ್ದಾರೆಂದು ಡಾಕ್ಟರಿಗೂ ಕಾಣದು.

ಹಾಗೆಂದು ಸಾಲು ದೂರದವರೆಗೆ ಚಾಚಿದೆ ಎಂದೇನೂ ಅಲ್ಲ. ಅದೇ ಗುಂಪಿನಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 48, ಹದಿನೆಂಟು ತಿಂಗಳು ದಾಟಿದವರು ನೂರಕ್ಕೆ 19ರ ಹತ್ತಿರ. ಜೊತೆಗೆ ಆ ಸಾಲಿಗೆ ಎಲ್ಲರನ್ನೂ ಬಿಟ್ಟುಕೊಂಡಿರಲಿಲ್ಲ. ವಯಸ್ಸು 75ರೊಳಗಿರಬೇಕು, ಓಡಾಟದ ಅಂಕ ಸೊನ್ನೆ ಇಲ್ಲವೇ ಒಂದು ಇರಬೇಕು. ಈ ಅಂಕ ನನಗೆ ಹೊಸದು. ಸೊನ್ನೆ ಎಂದರೆ ಮೊದಲಿನಂತೆಯೇ ಇದ್ದಾರೆ, ನಾಲ್ಕು ಎಂದರೆ ಪೂರ್ತಿ ಹಾಸಿಗೆ. ಎರಡಕ್ಕೂ ಮೂರಕ್ಕೂ ನಡುವಿನ ಗೆರೆ, ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂಚ ಕುರ್ಚಿಯಲ್ಲೇ ಕಳೆಯುತ್ತದೆಯೋ ಇಲ್ಲವೋ ಎಂಬುದು. ನಮ್ಮ ಅಜ್ಜಿಯರು "ಹಾಸಿಗೆ ಹಿಡಿದರು" ಎಂದು ದನಿ ತಗ್ಗಿಸುತ್ತಿದ್ದರಲ್ಲ, ಅವರು ನೋಡುತ್ತಿದ್ದದ್ದೂ ಇದನ್ನೇ.

ಇನ್ನು ಪದಗಳಿಗೆ ಬರೋಣ. ಮಧ್ಯಾಂಕ ಒಳ್ಳೆಯ ಪದ, ಆದರೆ ಅದು ಶಾಲೆಯ ಗೇಟು ದಾಟಿಲ್ಲ. ಸರ್ವೈವಲ್ ಎಂಬುದಕ್ಕೋ ನಮ್ಮ ಕೈಗೆ ಸಿಗುವುದೆಲ್ಲ ತುದಿ ತೋರಿಸುವ ಪದಗಳು. ಗಡುವು ಬ್ಯಾಂಕಿನದು. ಅವಧಿ ಎಂದರೇ ಮಿತಿ. ಜೀವಿತಾವಧಿಯನ್ನು ಪತ್ರಿಕೆಗಳು ಇಡೀ ದೇಶದ ಆಯುಸ್ಸಿನ ಲೆಕ್ಕಕ್ಕೆ ತೆಗೆದುಕೊಂಡಿವೆ. ಕೊನೆಗಾಲ ಎಂದರೆ ಬಾಯಿಗೆ ಗಂಗಾಜಲ ಬಿಟ್ಟಂತೆಯೇ. 'ಬದುಕುಳಿಯುವಿಕೆ' ಎಂದು ಅನುವಾದಗಳಲ್ಲಿ ಕಾಣುತ್ತದೆ. ನನಗೆ ಅದು ಬಸ್ಸು ಮಗುಚಿ ಬಿದ್ದ ಸುದ್ದಿಯ ಪದ. ಬದುಕುಳಿದವನು ಉಳಿದ, ಅಲ್ಲಿಗೆ ಕತೆ ಮುಗಿಯಿತು. ದಿನದಿನವೂ ಉಳಿಯುತ್ತಿರುವುದಕ್ಕೆ ಅದು ಒಗ್ಗುವುದಿಲ್ಲ. 'ಐದು ವರ್ಷದ ಬದುಕುಳಿಯುವಿಕೆ ಪ್ರಮಾಣ' ಎಂದು ಬರೆದದ್ದನ್ನು ನಮ್ಮ ಪಕ್ಕದ ಮನೆಯವರು "ಐದು ವರ್ಷ ಬದುಕುತ್ತಾರೆ, ಆಮೇಲಿಲ್ಲ" ಎಂದೇ ಓದಿದರು. ತಪ್ಪು ಅವರದಲ್ಲ. ಐದು ವರ್ಷದ ಗೆರೆ ದಾಟಿದವರು ನೂರಕ್ಕೆ ಎಷ್ಟು ಎಂಬ ಅರ್ಥ ಆ ಪದಗುಚ್ಛದಲ್ಲಿ ಕಾಣುವುದೇ ಇಲ್ಲ.

'ಮುಂದುವರಿದ ಕ್ಯಾನ್ಸರ್' ಬಗ್ಗೆ ಯಜಮಾನರ ತಕರಾರು ಬೇರೆ. "ಮುಂದುವರಿದ ದೇಶ ಅಂದಹಾಗಾಯಿತು, ಅಭಿನಂದನೆ ಹೇಳಬೇಕೇ?" ಎನ್ನುತ್ತಾರೆ. ಅವರಿಗೆ 'ಬಲಿತ' ಬೇಕು, ಬಲಿತ ಬೆಂಡೆಕಾಯಿಯ ಬಲಿತ. ನನ್ನ ಮತ 'ಹರಡಿದ' ಎಂಬುದಕ್ಕೆ. ಬಲಿತದ್ದೆಲ್ಲ ಹರಡಿರುವುದಿಲ್ಲವಲ್ಲ. ಇದು ನಮ್ಮ ಮನೆಯ ಜಗಳ, ಬಿಡಿ.

ಅವರು ಕೊಟ್ಟ ಇನ್ನೊಂದು ಪದವನ್ನು ಮಾತ್ರ ಬಿಡಲಾರೆ. ಚರಕ ಸಂಹಿತೆಯಲ್ಲಿ ಸುಖಸಾಧ್ಯ, ಕಷ್ಟಸಾಧ್ಯಗಳಿಗೂ ಕೈಬಿಡಬೇಕಾದ ರೋಗಕ್ಕೂ ನಡುವೆ 'ಯಾಪ್ಯ' ಎಂಬ ವರ್ಗವಿದೆ. ಗುಣವಾಗದು, ಆದರೆ ಚಿಕಿತ್ಸೆ ನಡೆಯುವಷ್ಟು ದಿನ ಮನುಷ್ಯನೂ ನಡೆಯುತ್ತಾನೆ. ಸುಶ್ರುತ ಇದನ್ನು ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಆಸರೆಗಂಬಕ್ಕೆ ಹೋಲಿಸುತ್ತಾನೆ. ಯಾಪ್ಯದ ಧಾತುವೇ ನಮ್ಮ 'ಕಾಲಯಾಪನೆ'ಯಲ್ಲೂ ಇರುವುದು. ಕಳೆಯುವುದು, ಸಾಗಿಸುವುದು ಎಂದು ಅರ್ಥ. ನಾವು ಅದನ್ನು ಸೋಮಾರಿಗಳ ಪಾಲಿಗೆ ಬಿಟ್ಟುಬಿಟ್ಟಿದ್ದೇವೆ. "ಏನ್ ಸಾರ್, ಹೇಗಿದ್ದೀರಿ?" ಎಂದು ಬಂದವರಿಗೆಲ್ಲ ಅವರು ಈಗ "ಕಾಲಯಾಪನೆ ನಡೆದಿದೆ" ಎನ್ನುತ್ತಾರೆ. ಬಂದವರಿಗೆ ನಗಬೇಕೋ ಬೇಡವೋ ತಿಳಿಯುವುದಿಲ್ಲ.

'ಉಪಶಮನ ಆರೈಕೆ' ಎಂಬ ಫಲಕವನ್ನು ಆಸ್ಪತ್ರೆಯಲ್ಲಿ ನೋಡಿದಾಗಲೂ ಹೀಗೇ ಆಯಿತು. ಅಮರಕೋಶದಲ್ಲಿ ಶಮನ ಎಂದರೆ ಯಮ, ಉಪ ಎಂದರೆ ಹತ್ತಿರ. "ಸರಿಯಾದ ಕೋಣೆಗೇ ಬಂದಿದ್ದೇವೆ" ಎಂದರು. ಒಳಗೆ ನಡೆದದ್ದು ನೋವಿಗೆ ಮಾರ್ಫಿನ್, ಮಲಬದ್ಧತೆಗೆ ಔಷಧಿ, ಊಟದ ಮಾತು. ಕೀಮೋ ಜೊತೆಗೇ ನಡೆಯುವ ಆರೈಕೆ ಇದು. ಫಲಕ ಓದಿ ಹಿಂದೆ ಸರಿಯುವವರನ್ನು ಕಣ್ಣಾರೆ ಕಂಡೆ, ಹಾಗಾಗಿ ಅದಕ್ಕೂ ಒಂದು ಸರಳ ಪದ ಬೇಕಿದೆ. 'ನೋವಾರೈಕೆ' ಹೇಗೆ?

ಕೊನೆಗೆ ಉಳಿಗಾಲ. ಮಳೆಗಾಲ, ಚಳಿಗಾಲಗಳ ಅಚ್ಚಿನಲ್ಲೇ ಎರಕವಾದ ಪದ, ಆದೇಶ ಸಂಧಿಯೂ ಅದೇ. ಮಳೆಗಾಲ ಇಂಥ ತಾರೀಖಿಗೆ ಮುಗಿಯಬೇಕೆಂದು ಯಾರೂ ಜಗಳ ಮಾಡುವುದಿಲ್ಲ. ಕೆಲವು ವರ್ಷ ಬೇಗ ಹಿಂದೆಗೆಯುತ್ತದೆ, ಕೆಲವು ವರ್ಷ ದೀಪಾವಳಿಗೂ ಸುರಿಯುತ್ತದೆ. "ಉಳಿಗಾಲದ ಮಧ್ಯಾಂಕ ಹನ್ನೊಂದು ತಿಂಗಳು" ಎಂದು ಡಾಕ್ಟರು ಹೇಳಿದ್ದರೆ ನಾನು ಕ್ಯಾಲೆಂಡರಿಗೆ ಕೈ ಹಾಕುತ್ತಿರಲಿಲ್ಲ ಅನಿಸುತ್ತದೆ. ಯಜಮಾನರು ಒಪ್ಪುವುದಿಲ್ಲ. ಪದಕ್ಕೆ ಅಂಟಿದ 'ಇಲ್ಲ' ವಾಕ್ಯದಲ್ಲಿ ಕಾಣದಿದ್ದರೂ ಕಿವಿಯಲ್ಲಿ ಕೇಳುತ್ತದೆ ಎನ್ನುವುದು ಅವರ ವಾದ.

ಹಾಗಾಗಿ ಕರಾವಳಿಯವರು, ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ನೆನಪು ಮಾಡಿಕೊಂಡು ಬರೆಯಿರಿ. 'ಉಳಿಗಾಲ ಐತಿ', 'ಉಳಿಗಾಲ ಉಂಟು' ಎಂದು ಯಾರಾದರೂ ಆಡಿದ್ದು ಕೇಳಿದ್ದರೆ, ವಾಕ್ಯ ಪೂರ್ತಿ ಬೇಕು, ಯಾರ ಬಗ್ಗೆ, ಯಾವ ಸಂದರ್ಭದಲ್ಲಿ ಎಂಬುದರ ಸಮೇತ. ಬಂದದ್ದನ್ನು ಅವರಿಗೆ ಓದಿ ಹೇಳುವುದು ನನ್ನ ಕೆಲಸ. ಮುಂದಿನ ಕೀಮೋ ಗುರುವಾರ ಇದೆ, ಡ್ರಿಪ್ ಹಾಕಿದ ಮೇಲೆ ಸುಮಾರು ಹೊತ್ತು ಕೂರಬೇಕು.