ಕೃತಿಸಂಪುಟವನ್ನು ಡಿಜಿಟಲ್ ಆಗಿ ಇಡುವುದು ಹೇಗೆ? (6ನೇ ತರಗತಿ, 40 ಮಕ್ಕಳು)

ಹಿಪ್ರಾ_ಶಿಕ್ಷಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 6ನೇ ತರಗತಿ, 40 ಮಕ್ಕಳು. ಸಿಸಿಇಗೆಂದು (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ಇಡುವ ಕೃತಿಸಂಪುಟದ, ಅಂದರೆ ಮಗುವಿನ ಕೆಲಸದ ಮಾದರಿಗಳ, ಫೈಲುಗಳು ಬೀರುವಿನಲ್ಲೇ ಗೆದ್ದಲು ಹಿಡಿಯುತ್ತವೆ. ಮಗು ಹೈಸ್ಕೂಲಿಗೆ ಹೋದಾಗ ಜೊತೆಗೆ ಹೋಗುವುದು ಟಿಸಿ, ಅಂಕಪಟ್ಟಿ ಅಷ್ಟೆ. ಈ ಸಲ ಫೋಟೊ, ಆಡಿಯೊ ರೂಪದಲ್ಲಿ ಇಡಬೇಕೆಂದಿದ್ದೇನೆ. ಇರುವುದು ಒಂದು ಆಂಡ್ರಾಯ್ಡ್ ಫೋನು, ಶಾಲೆಯ ಹಳೇ ಕಂಪ್ಯೂಟರ್. 6 ವಿಷಯ, 4 ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಎಂದು ಲೆಕ್ಕ ಹಾಕಿದರೆ 960 ಫೋಟೊ ಆಗುತ್ತದೆ! ಏನನ್ನು ಇಡಬೇಕು, ಏನನ್ನು ಬಿಡಬೇಕು? ಎಲ್ಲಿ ಇಡಬೇಕು? ಪೋಷಕರಿಗೆ ತೋರಿಸುವುದು ಹೇಗೆ?

ಕನ್ನಡ_ಮೇಷ್ಟ್ರು:

ಮೇಡಂ, 960ರ ಆಸೆ ಮೊದಲು ಬಿಡಿ. ಅಷ್ಟನ್ನು ತೆಗೆಯುವುದರಲ್ಲೇ ವರ್ಷ ಮುಗಿಯುತ್ತದೆ, ಕೂತು ನೋಡುವವರು ಯಾರೂ ಇರುವುದಿಲ್ಲ. ಅಂಕ, ಶ್ರೇಣಿ ಹೇಗೂ ಎಸ್‌ಎಟಿಎಸ್‌ಗೆ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಹೋಗುತ್ತವೆ. ಅಲ್ಲಿ ಕಾಣದಿರುವುದು ಮಗುವಿನ ಕೆಲಸ. ಕೃತಿಸಂಪುಟದಲ್ಲಿ ಅದಕ್ಕೇ ಜಾಗ ಕೊಡಿ.

ಎರಡೇ ವಿಷಯ ಹಿಡಿಯಿರಿ: ಕನ್ನಡ ಬರವಣಿಗೆ ಮತ್ತು ಗಣಿತ. ಪ್ರತಿ ಎಫ್‌ಎ ಹೊತ್ತಿಗೆ ಒಂದೊಂದು ಹಾಳೆ. ಮುಖ್ಯವಾದದ್ದು ಏನೆಂದರೆ, ಕೆಲಸ ಒಂದೇ ಬಗೆಯದಾಗಿರಬೇಕು. ಜುಲೈಯಲ್ಲಿ ಚಿತ್ರ ನೋಡಿ ಐದು ವಾಕ್ಯ ಬರೆಸಿದ್ದರೆ ಫೆಬ್ರವರಿಯಲ್ಲೂ ಚಿತ್ರ ನೋಡಿ ಐದು ವಾಕ್ಯವನ್ನೇ ಬರೆಸಿ. ಒಮ್ಮೆ ಪ್ರಬಂಧ, ಇನ್ನೊಮ್ಮೆ ರಂಗೋಲಿ, ಮತ್ತೊಮ್ಮೆ ಗಾದೆ ಪಟ್ಟಿ ಇಟ್ಟರೆ ಹೋಲಿಸಿ ನೋಡಲು ಏನೂ ಸಿಗುವುದಿಲ್ಲ.

ಹಾಳೆಯ ತಪ್ಪುಗಳನ್ನು ತಿದ್ದಿ ನಕಲು ಮಾಡಿಸಬೇಡಿ. ಚೆಂದ ಕಾಣಲಿ ಎಂದು ನಾವು ಮಾಡುವ ಈ ಕೆಲಸದಿಂದಲೇ ಕೃತಿಸಂಪುಟ ಸುಳ್ಳಾಗುತ್ತದೆ. ಜುಲೈಯಲ್ಲಿ ‘ಹಳ್ಳಿ’ಗೆ ‘ಹಳಿ’, ‘ಅಕ್ಕ’ನಿಗೆ ‘ಅಕ’ ಎಂದು ಬರೆದ ಮಗು ನವೆಂಬರಿನಲ್ಲಿ ಎರಡನ್ನೂ ಸರಿಯಾಗಿ ಬರೆದಿದ್ದರೆ ಅದೇ ಆ ಮಗುವಿನ ಸಾಧನೆ. ಟಿಪ್ಪಣಿಯಲ್ಲಿ ‘ಉತ್ತಮ ಪ್ರಗತಿ’ ಎಂದು ಹಾಕಿದರೆ ಮುಂದಿನ ಶಿಕ್ಷಕರಿಗೆ ಉಪಯೋಗವಿಲ್ಲ. ‘ಸಜಾತೀಯ ಒತ್ತಕ್ಷರ ಬಂದಿದೆ; ಶಾಸ್ತ್ರ, ರಾಷ್ಟ್ರದಂಥವು ಇನ್ನೂ ತಪ್ಪುತ್ತಿವೆ’ ಎಂದು ಬರೆಯಿರಿ. ಹೈಸ್ಕೂಲಿನವರು ಅಲ್ಲಿಂದಲೇ ಹಿಡಿದು ಕಲಿಸಬಹುದು.

ಇದರ ಜೊತೆಗೆ ಅರ್ಧ ವರ್ಷಕ್ಕೊಂದು ಕೃತಿಯನ್ನು ಮಗುವೇ ಆರಿಸಲಿ, ಯಾಕೆ ಆರಿಸಿತು ಎಂದು ಎರಡು ಸಾಲು ಬರೆಯಲಿ. ಪ್ರತಿಭಾ ಕಾರಂಜಿ ಪ್ರಮಾಣಪತ್ರ ಇದ್ದರೆ ಸಂತೋಷ, ಇಡಿ. ಆದರೆ ಸಂಪುಟದ ತುಂಬ ಅವೇ ಆದರೆ ವೇದಿಕೆ ಹತ್ತದ ಮಗುವಿನ ಫೋಲ್ಡರ್ ಖಾಲಿ ಉಳಿಯುತ್ತದೆ. ಹಾಗಾಗಬಾರದು.

ಗಣಕ_ಶಿಕ್ಷಕ:

ಸರ್ ಹೇಳಿದಂತೆ ಮಾಡಿದರೆ 320 ಹಾಳೆ, ಮಕ್ಕಳು ಆರಿಸಿದ್ದು 80, ಒಟ್ಟು 400 ಫೋಟೊ. ಒಂದಕ್ಕೆ ಅರ್ಧ ಎಂಬಿ ಇಟ್ಟುಕೊಂಡರೆ 200 ಎಂಬಿ. ಉಚಿತ ಗೂಗಲ್ ಖಾತೆಯ 15 ಜಿಬಿಯಲ್ಲಿ ಇದು ಏನೇನೂ ಅಲ್ಲ. ವಿಡಿಯೊ ಮಾತ್ರ ಬೇಡ. ಸಾಧಾರಣ ಎಚ್‌ಡಿಯಲ್ಲೂ ಒಂದು ನಿಮಿಷಕ್ಕೆ ಹತ್ತಾರು ಎಂಬಿ ಹೋಗುತ್ತದೆ, ಹಳ್ಳಿಯ ನೆಟ್‌ವರ್ಕ್‌ನಲ್ಲಿ ಅಪ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ.

ಫೋಟೊ ತೆಗೆಯುವ ಮೊದಲು ಹಾಳೆಯ ಮೇಲ್ತುದಿಯಲ್ಲಿ ಕ್ರಮಸಂಖ್ಯೆ, ದಿನಾಂಕ ಬರೆಸಿ. ಫೈಲಿನ ಹೆಸರು ಕೆಟ್ಟರೂ ಯಾರದ್ದೆಂದು ತಿಳಿಯುತ್ತದೆ. ಕಿಟಕಿ ಪಕ್ಕದ ಮೇಜು, ಬೆಳಕು ಬದಿಯಿಂದ ಬೀಳಲಿ, ಫ್ಲ್ಯಾಶ್ ಬೇಡ. ಡ್ರೈವ್ ಆ್ಯಪ್‌ನ ಸ್ಕ್ಯಾನ್ ಬಳಸಿದರೆ ಅಂಚು ತಾನೇ ಕತ್ತರಿಸಿಕೊಳ್ಳುತ್ತದೆ. ಆದರೆ ಎರಡು ಕಡೆ ಎಡವುತ್ತಾರೆ. ಕಪ್ಪು-ಬಿಳುಪು ಫಿಲ್ಟರ್ ಹಾಕಿದರೆ ಪೆನ್ಸಿಲ್ ಬರಹ ಅಳಿಸಿಹೋದಂತೆ ಕಾಣುತ್ತದೆ, ಬಣ್ಣದಲ್ಲೇ ಇಡಿ. ಇನ್ನೊಂದು, ಪುಟ ಸೇರಿಸುವ ಗುಂಡಿ ಒತ್ತುತ್ತಾ ಹೋದರೆ 40 ಮಕ್ಕಳ ಹಾಳೆಯೂ ಒಂದೇ ಪಿಡಿಎಫ್ ಆಗಿಬಿಡುತ್ತದೆ. ಒಂದು ಮಗುವಿನದು ಮುಗಿದ ಕೂಡಲೇ ಸೇವ್ ಮಾಡಿ.

ಫೋಲ್ಡರಿಗೆ ಎಸ್‌ಎಟಿಎಸ್ ಸಂಖ್ಯೆಯನ್ನೇ ಹೆಸರಾಗಿ ಇಡಿ. ಹಾಜರಿ ಕ್ರಮಸಂಖ್ಯೆ ವರ್ಷ ವರ್ಷ ಬದಲಾಗುತ್ತದೆ, ಇದು ಬದಲಾಗದು. ಒಳಗಿನ ಫೈಲಿಗೆ 20250712-ಕನ್ನಡ ಎಂಬಂತೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರು ಕೊಟ್ಟರೆ ತಾನಾಗಿ ಸಾಲಾಗಿ ನಿಲ್ಲುತ್ತವೆ. ವಾಟ್ಸಾಪ್ ಮೂಲಕ ಕಂಪ್ಯೂಟರಿಗೆ ದಾಟಿಸಬೇಡಿ: ಚಿತ್ರ ಕುಗ್ಗುತ್ತದೆ, ಹೆಸರೂ ಬದಲಾಗುತ್ತದೆ. ಕೇಬಲ್ ಹಾಕಿ.

ಟಿಪ್ಪಣಿಯನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ಬರೀ ಗೋಜಲು ಅಕ್ಷರ, ಹುಡುಕಿದರೂ ಸಿಗದು.

ನಲಿಕಲಿ_ಟೀಚರ್:

ಓದುವ ಧ್ವನಿಯನ್ನು ದಯವಿಟ್ಟು ಬಿಡಬೇಡಿ. ಜೂನ್‌ನಲ್ಲಿ ಒಂದು ನಿಮಿಷ, ಫೆಬ್ರವರಿಯಲ್ಲಿ ಅದೇ ಪ್ಯಾರಾ ಒಂದು ನಿಮಿಷ. ಇಡೀ ತರಗತಿಗೆ 80 ಎಂಬಿ ಸಾಕು. ರೆಕಾರ್ಡರಿನ ತೀರಾ ಕಡಿಮೆ ಗುಣಮಟ್ಟ ಆರಿಸಿದರೆ ಸ, ಶ ವ್ಯತ್ಯಾಸ ಕೇಳಿಸುವುದೇ ಇಲ್ಲ. ಮಗು ತಪ್ಪಿತೋ ಫೋನು ತಪ್ಪಿತೋ ಗೊತ್ತಾಗದು. ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಡಿ. ನೇರ ಎದುರಿಗಿಟ್ಟರೆ ಪ, ಭ ಬಂದಾಗಲೆಲ್ಲ ಉಸಿರು ಢಬ್ಬೆನ್ನುತ್ತದೆ. ಫ್ಯಾನ್ ನಿಲ್ಲಿಸಿ. ‘ಅಕ್ಕಿ’, ‘ಹಕ್ಕಿ’ ಎರಡೂ ಬರುವ ಪ್ಯಾರಾ ಆರಿಸಿಕೊಂಡರೆ ಹಕಾರ ಬಿದ್ದುಹೋಗುವ ಮಕ್ಕಳನ್ನು ಗುರುತಿಸಬಹುದು. ಆದರೆ ಮನೆಮಾತಿನಲ್ಲೇ ಹಕಾರ ಇಲ್ಲದ ಮಗುವಿಗೆ ಅದನ್ನು ಓದಿನ ದೋಷವೆಂದು ಬರೆಯಬೇಡಿ.

ಹಿಪ್ರಾ_ಶಿಕ್ಷಕಿ:

ಧನ್ಯವಾದ ಸರ್, ಮೇಡಂ. ನನ್ನ ಸ್ವಂತ ಖಾತೆಯಲ್ಲೇ ಇಟ್ಟು, ತರಗತಿಯ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದರೆ ಆಗುತ್ತದೆಯೇ?

ಸಿಆರ್‌ಪಿ_ಕ್ಲಸ್ಟರ್:

ಎರಡೂ ಬೇಡ ಮೇಡಂ. ಸ್ವಂತ ಖಾತೆಯಲ್ಲಿಟ್ಟರೆ ನಿಮಗೆ ವರ್ಗಾವಣೆಯಾದ ದಿನ ಸಂಪುಟವೂ ನಿಮ್ಮ ಜೊತೆ ಹೋಗುತ್ತದೆ. ಡ್ರೈವ್‌ನಲ್ಲಿ ಫೈಲು ಅಪ್‌ಲೋಡ್ ಮಾಡಿದವರ ಹೆಸರಿಗೇ ಸೇರುತ್ತದೆ. ಫೋಲ್ಡರನ್ನು ಮುಖ್ಯ ಶಿಕ್ಷಕರ ಜೊತೆ ಹಂಚಿಕೊಂಡ ಮಾತ್ರಕ್ಕೆ ಅವರದಾಗುವುದಿಲ್ಲ. ಶಾಲೆಯ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ. ಪಾಸ್‌ವರ್ಡ್, ರಿಕವರಿ ಮೊಬೈಲ್ ನಂಬರ್ ಎರಡನ್ನೂ ಚಾರ್ಜ್ ಪಟ್ಟಿಯಲ್ಲಿ (ಜವಾಬ್ದಾರಿ ಹಸ್ತಾಂತರಿಸುವಾಗಿನ ಪಟ್ಟಿ) ಸೇರಿಸಿ. ಒಟಿಪಿ ವರ್ಗವಾಗಿ ಹೋದ ಶಿಕ್ಷಕರ ಫೋನಿಗೆ ಬರುತ್ತಿದ್ದರೆ ಖಾತೆ ಇದ್ದೂ ಇಲ್ಲದಂತೆ. 2 ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು, ಅದೂ ನೆನಪಿರಲಿ. ವರ್ಷಕ್ಕೆರಡು ಸಲ ಪೆನ್‌ಡ್ರೈವ್‌ಗೆ ಪ್ರತಿ ಮಾಡಿಟ್ಟುಕೊಳ್ಳಿ.

ತರಗತಿಯ ಫೋಲ್ಡರ್ ಲಿಂಕ್ ಗುಂಪಿಗೆ ಹಾಕಿದರೆ 40 ಮಕ್ಕಳ ತಪ್ಪು-ಒಪ್ಪು ಎಲ್ಲರಿಗೂ ಕಾಣುತ್ತದೆ. ಯಾವ ಮಗುವನ್ನೂ ಹಾಗೆ ಬಯಲಿಗೆ ಇಡಬಾರದು. ಮೇಲಿನ ಫೋಲ್ಡರಿಗೆ ಕೊಟ್ಟ ಅನುಮತಿ ಒಳಗಿನವಕ್ಕೆಲ್ಲ ಇಳಿಯುತ್ತದೆ, ಆದ್ದರಿಂದ ಆಯಾ ಮಗುವಿನ ಫೋಲ್ಡರನ್ನಷ್ಟೇ, ಆಯಾ ಪೋಷಕರ ಇಮೇಲ್‌ಗೆ, ನೋಡಲು ಮಾತ್ರ ಕೊಡಿ. ಇಮೇಲ್ ಇಲ್ಲದವರೇ ಹೆಚ್ಚು. ಅಂಥವರಿಗೆ ಪೋಷಕರ ಸಭೆಯ ದಿನ ಜುಲೈ, ಫೆಬ್ರವರಿ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಕಂಪ್ಯೂಟರಿನಲ್ಲಿ ತೋರಿಸಿ, ಮಗುವೇ ವಿವರಿಸಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಪ್ರಶ್ನೆ ಬರುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು ಕನ್ನಡದಲ್ಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಶಾಲೆಯಲ್ಲಿ ಇಡಲು ಒಂದು ಸಹಿ, ಫೇಸ್‌ಬುಕ್ಕಿನಂಥ ಕಡೆ ಹಾಕುವುದಾದರೆ ಬೇರೆಯೇ ಸಹಿ. ಆಧಾರ್, ಜಾತಿ ಪ್ರಮಾಣಪತ್ರದ ಫೋಟೊಗಳು ಈ ಫೋಲ್ಡರಿನಲ್ಲಿ ಇರಲೇಬಾರದು. ಮಗು ಶಾಲೆ ಬಿಡುವಾಗ ಫೋಲ್ಡರನ್ನು ಜಿಪ್ ಮಾಡಿ ಪೋಷಕರಿಗೆ ಕೊಟ್ಟು, ಟಿಸಿ ಪಡೆದ ಸಹಿಯ ಪಕ್ಕದಲ್ಲೇ ಅದಕ್ಕೂ ಸಹಿ ತೆಗೆದುಕೊಳ್ಳಿ.