ಜಿಟಿಎ 6: ಯಾವಾಗ ತಗೊಳ್ಳೋದು, ಯಾವ ಕನ್ಸೋಲ್‌ನಲ್ಲಿ ಆಡೋದು? ನಿಮ್ಮ ಪ್ರಶ್ನೆಗಳಿಗೆ ಉತ್ತರ

ಗುಂಪಿನಲ್ಲಿ ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೋ ಅನ್ನುವ ವಿಡಿಯೋ ಗೇಮ್ ಸರಣಿಯ ಆರನೆಯದು) ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಹಾಕಿ ಉತ್ತರ ಬರೆದಿದ್ದೇನೆ. ಹೊಸಬರಿಗೆ ಗೊತ್ತಿರಲಿ, ಹುಬ್ಬಳ್ಳಿಯಲ್ಲಿ ನನ್ನದು ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಮಾರುವ, ರಿಪೇರಿ ಮಾಡುವ ಅಂಗಡಿ. ಮಾರುವವನಾದರೂ ನಾನು ಹೇಳುವುದು ಇಷ್ಟೇ: ಒಂದು ಆಟಕ್ಕೋಸ್ಕರ ಕನ್ಸೋಲ್ ತಗೊಳ್ಳುವವರು ಆ ಆಟ ಕೈಗೆ ಬರುವ ಹೊತ್ತಿಗೆ ತಗೊಳ್ಳಿ.

ಪ್ರಶ್ನೆ (ದಾವಣಗೆರೆಯಿಂದ): ಅಣ್ಣಾ, ನನ್ನ ಹತ್ರ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಇದೆ. ಆಫರ್ ಬಂದಾಗಲೇ ಪಿಎಸ್5 ತಗೊಂಡು ಇಟ್ಕೊಳ್ಳಲಾ, ಆಟ ಬರೋ ತನಕ ಕಾಯಲಾ?

ಉತ್ತರ: ಮೊದಲಿಗೆ, ಪಿಎಸ್4ಗೆ ಈ ಆಟ ಬರುವುದಿಲ್ಲ. ಪಿಎಸ್5, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಸೀರೀಸ್ ಎಸ್, ಈ ಮೂರಕ್ಕೆ ಮಾತ್ರ ಅಂತ ಆಟ ಮಾಡುವ ಕಂಪನಿ ರಾಕ್‌ಸ್ಟಾರ್ ಹೇಳಿದೆ. ಹಾಗಾಗಿ ನೀವು ಯಾವತ್ತಾದರೂ ಬದಲಾಯಿಸಲೇಬೇಕು.

ಆದರೆ ದಿನಾಂಕದ ಕಥೆ ನೋಡಿ. ಮೊದಲ ಟ್ರೈಲರ್ 2023ರ ಡಿಸೆಂಬರ್‌ನಲ್ಲಿ ಬಂದಾಗ 2025 ಅಂದರು. ಆಮೇಲೆ 2026ರ ಮೇ 26 ಅಂದರು. 2025ರ ನವೆಂಬರ್‌ನಲ್ಲಿ ಅದನ್ನೂ ಮುಂದೂಡಿ 2026ರ ನವೆಂಬರ್ 19 ಅಂತ ಘೋಷಿಸಿದರು. ಇದು ಈ ಕಂಪನಿಯ ಹಳೇ ರೂಢಿ. ಜಿಟಿಎ 5 ಕೂಡ 2013ರ ಮೊದಲಾರ್ಧದಿಂದ ಸೆಪ್ಟೆಂಬರ್ 17ಕ್ಕೆ ಹೋಯಿತು. ಇವರದ್ದೇ ಇನ್ನೊಂದು ಆಟ ರೆಡ್ ಡೆಡ್ ರಿಡೆಂಪ್ಷನ್ 2 ಅಂತೂ 2017ಕ್ಕೆ ಬರಬೇಕಾಗಿದ್ದದ್ದು ಎರಡು ಸಲ ಮುಂದೆ ಹೋಗಿ 2018ರ ಅಕ್ಟೋಬರ್ 26ಕ್ಕೆ ಬಂತು. ತಡವಾಗಿ ಬಂದರೂ ಚೆನ್ನಾಗಿಯೇ ಬಂದವು, ಅದಕ್ಕೆ ನನಗೇನೂ ತಕರಾರಿಲ್ಲ. ಆದರೆ ನಿಮ್ಮ ದುಡ್ಡು ಅಲ್ಲಿ ತನಕ ಸುಮ್ನೆ ಡಬ್ಬದಲ್ಲಿ ಕೂತಿರುತ್ತಲ್ವಾ? ವಾರಂಟಿ ಒಂದು ವರ್ಷ, ಅದು ಶುರುವಾಗುವುದು ಬಿಲ್ಲಿನ ದಿನದಿಂದ, ನೀವು ಡಬ್ಬ ಒಡೆದ ದಿನದಿಂದ ಅಲ್ಲ. ಸೀಲ್ ಒಡೆಯದೆ ಎಂಟು ತಿಂಗಳು ಇಟ್ಟವರು ಆಡಲು ಶುರುಮಾಡುವಾಗ ಅವರ ಕೈಯಲ್ಲಿ ನಾಲ್ಕೇ ತಿಂಗಳ ವಾರಂಟಿ ಉಳಿದಿರುತ್ತದೆ. ಕನ್ಸೋಲ್‌ನಲ್ಲಿ ಕಾರ್ಖಾನೆಯ ದೋಷ ಇದ್ದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಓಡಿಸಲು ಶುರುಮಾಡಿದ ಮೊದಲ ಕೆಲವು ತಿಂಗಳಲ್ಲಿ.

ಪಿಎಸ್5ನಲ್ಲಿ ಈಗಲೇ ಆಡಬೇಕು ಅನ್ನಿಸುವ ಎರಡು-ಮೂರು ಆಟ ನಿಮಗಿದ್ದರೆ ಆಫರ್ ಬಿಡಬೇಡಿ, ತಗೊಳ್ಳಿ. ಇದೊಂದೇ ಆಟಕ್ಕಾದರೆ, ಬಿಡುಗಡೆಗೆ ಒಂದು ತಿಂಗಳು ಇರುವಾಗ ತಗೊಂಡರೆ ಸಾಕು. ಕೊನೇ ವಾರದ ತನಕ ಮಾತ್ರ ಎಳೆಯಬೇಡಿ. 2021ರ ಫೆಬ್ರವರಿಯಲ್ಲಿ ಪಿಎಸ್5 ಭಾರತಕ್ಕೆ ಬಂದಾಗ ಮುಂಗಡ ಬುಕಿಂಗ್ ನಿಮಿಷಗಳಲ್ಲಿ ಮುಗಿದಿತ್ತು, ಆಮೇಲೆ ಜನ ಜಾಸ್ತಿ ದುಡ್ಡು ಕೊಟ್ಟು ಬೇರೆಯವರ ಕೈಯಿಂದ ತಗೊಂಡರು. ಈ ಆಟ ಬರುವಾಗಲೂ ಅಂಗಡಿಗಳಲ್ಲಿ ಸ್ಟಾಕ್ ಬಿಗಿಯಾಗಬಹುದು.

ಅದೇ ಪ್ರಶ್ನೆಗೆ ಇನ್ನೊಬ್ಬರು: ಆಟ "ಗೋಲ್ಡ್" ಆಯ್ತು ಅಂತ ಸುದ್ದಿ ಬಂದ ತಕ್ಷಣ ತಗೊಂಡರೆ ಸರಿ ಅಲ್ವಾ?

ಉತ್ತರ: ಹೆಚ್ಚು ಕಡಿಮೆ ಸರಿ. ಗೋಲ್ಡ್ ಅಂದರೆ ಡಿಸ್ಕ್ ಅಚ್ಚು ಹಾಕಲು ಆಟ ತಯಾರು ಅಂತ. ಆದರೂ ಬೇರೆ ಕಂಪನಿಯ ಆಟ ಸೈಬರ್‌ಪಂಕ್ 2077 ನೆನಪಿದೆಯಾ? 2020ರ ಅಕ್ಟೋಬರ್ ಮೊದಲ ವಾರ ಗೋಲ್ಡ್ ಅಂದರು, ಅದೇ ತಿಂಗಳ ಕೊನೆಗೆ ಮತ್ತೆ ಡಿಸೆಂಬರ್ 10ಕ್ಕೆ ತಳ್ಳಿದರು.

ಪ್ರಶ್ನೆ (ತುಮಕೂರಿನಿಂದ): ಸರ್, ಬಜೆಟ್ ಕಡಿಮೆ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಸಾಕಾಗುತ್ತಾ?

ಉತ್ತರ: ಆಟ ಓಡುತ್ತದೆ, ಅದಕ್ಕೂ ಬರುತ್ತದೆ ಅಂತ ಹೇಳಿಯೇ ಇದ್ದಾರೆ. ಹೇಗೆ ಓಡುತ್ತದೆ ಅನ್ನುವುದು ಬೇರೆ ಮಾತು. ಸೀರೀಸ್ ಎಕ್ಸ್ ಮತ್ತು ಪಿಎಸ್5ನಲ್ಲಿ 16 ಜಿಬಿ ಮೆಮೊರಿ, ಸೀರೀಸ್ ಎಸ್‌ನಲ್ಲಿ 10 ಜಿಬಿ. ಗ್ರಾಫಿಕ್ಸ್ ಶಕ್ತಿ ಸೀರೀಸ್ ಎಕ್ಸ್‌ಗೆ 12 ಟೆರಾಫ್ಲಾಪ್ (ಲೆಕ್ಕ ಮಾಡುವ ವೇಗದ ಅಳತೆ), ಎಸ್‌ಗೆ 4. ರೆಸಲ್ಯೂಶನ್ (ಚಿತ್ರದ ಸ್ಪಷ್ಟತೆ) ಇಳಿಸಿದರೆ ಗ್ರಾಫಿಕ್ಸ್ ಕೊರತೆಯನ್ನು ಮುಚ್ಚಬಹುದು, ಮೆಮೊರಿ ಕೊರತೆ ಹಾಗೆ ಮುಚ್ಚುವುದಿಲ್ಲ. ಬೀದಿ ತುಂಬಾ ಜನ, ಗಾಡಿ, ಅಂಗಡಿ ಇರುವ ದೊಡ್ಡ ಊರಿನ ಆಟಕ್ಕೆ ಬೇಕಾಗುವುದೇ ಮೆಮೊರಿ.

ಇದಕ್ಕೊಂದು ಉದಾಹರಣೆ: ಬಾಲ್ಡರ್ಸ್ ಗೇಟ್ 3 ಅನ್ನುವ ಆಟ ಪಿಎಸ್5ಗೆ 2023ರ ಸೆಪ್ಟೆಂಬರ್‌ನಲ್ಲಿ ಬಂತು, ಎಕ್ಸ್‌ಬಾಕ್ಸ್‌ಗೆ ಬಂದದ್ದು ಡಿಸೆಂಬರ್‌ನಲ್ಲಿ. ಒಂದೇ ಪರದೆಯಲ್ಲಿ ಇಬ್ಬರು ಆಡುವ ಸೌಲಭ್ಯವನ್ನು ಸೀರೀಸ್ ಎಸ್‌ನಲ್ಲಿ ಓಡಿಸಲು ಒದ್ದಾಡಿ, ಕೊನೆಗೆ ಅದಿಲ್ಲದೆಯೇ ಅದಕ್ಕೆ ಬಿಡುಗಡೆ ಮಾಡಿದರು. ಅದಕ್ಕೇ ನನ್ನ ಸಲಹೆ: ನಿಮ್ಮ ಮನೆಯಲ್ಲಿ ಸೀರೀಸ್ ಎಸ್ ಈಗಾಗಲೇ ಇದ್ದರೆ ಮಾರಬೇಡಿ, ಅದರಲ್ಲೇ ಆಡಿ ನೋಡಿ. ಹೊಸದಾಗಿ ತಗೊಳ್ಳುವವರು ಮಾತ್ರ ಆಟ ಬಂದ ಮೊದಲ ವಾರ ಸೀರೀಸ್ ಎಸ್‌ನಲ್ಲೇ ಆಡಿದ ವಿಡಿಯೋಗಳನ್ನು ನೋಡದೆ ದುಡ್ಡು ಹಾಕಬೇಡಿ. ಕಂಪನಿಯ ಟ್ರೈಲರ್ ಈ ವಿಷಯಕ್ಕೆ ಲೆಕ್ಕಕ್ಕಿಲ್ಲ. 2025ರ ಮೇ ತಿಂಗಳ ಎರಡನೇ ಟ್ರೈಲರನ್ನು ಪಿಎಸ್5ನಲ್ಲಿ ರೆಕಾರ್ಡ್ ಮಾಡಿದ್ದು ಅಂತ ಅವರೇ ಹೇಳಿದ್ದಾರೆ.

ಜಾಗದ ವಿಷಯವನ್ನೂ ಮರೆಯಬೇಡಿ. 512 ಜಿಬಿಯ ಸೀರೀಸ್ ಎಸ್‌ನಲ್ಲಿ ನಿಮಗೆ ಸಿಗುವುದು ಸುಮಾರು 364 ಜಿಬಿ. ರೆಡ್ ಡೆಡ್ 2 ಒಂದೇ 100 ಜಿಬಿ ದಾಟುತ್ತಿತ್ತು. ಪಿಎಸ್5ಗೆ ಮಾರ್ಕೆಟ್‌ನಲ್ಲಿ ಸಿಗುವ ಎಂ.2 ಎಸ್‌ಎಸ್‌ಡಿಯನ್ನು (ಜಾಗ ಹೆಚ್ಚಿಸುವ ಡ್ರೈವ್) ಹೀಟ್‌ಸಿಂಕ್ (ಬಿಸಿ ತಗ್ಗಿಸುವ ತಗಡು) ಸಮೇತ ಕೂರಿಸಬಹುದು. ಎಕ್ಸ್‌ಬಾಕ್ಸ್‌ಗೆ ಅದರದ್ದೇ ಬೇರೆ ಕಾರ್ಡ್ ಬೇಕು, ಅದು ದುಬಾರಿ. ಇವತ್ತು ಉಳಿಸಿದ ದುಡ್ಡು ನಾಳೆ ಅಲ್ಲಿಗೆ ಹೋಗುತ್ತದೆ.

ಪ್ರಶ್ನೆ (ಮಂಗಳೂರಿನಿಂದ): ಪಿಎಸ್5, ಸೀರೀಸ್ ಎಕ್ಸ್, ಎರಡೂ ತಗೊಳ್ಳೋ ಶಕ್ತಿ ಇದೆ. ಯಾವುದು?

ಉತ್ತರ: ನಿಮ್ಮ ಗೆಳೆಯರ ಹತ್ತಿರ ಯಾವುದಿದೆಯೋ ಅದು. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. ಇವೆರಡರ ಶಕ್ತಿಯ ವ್ಯತ್ಯಾಸ ಮನೆಯ ಟಿವಿ ಮುಂದೆ ಕೂತಾಗ ನಿಮಗೆ ಗೊತ್ತಾಗುವುದು ಕಷ್ಟ. ಆದರೆ ಜಿಟಿಎ 5ರ ಆನ್‌ಲೈನ್ (ನೆಟ್‌ನಲ್ಲಿ ಒಟ್ಟಿಗೆ ಆಡುವ ಭಾಗ) ಶುರುವಾದದ್ದು 2013ರಲ್ಲಿ, ಅಲ್ಲಿಂದ ಇಷ್ಟು ವರ್ಷವಾದರೂ ಪ್ಲೇಸ್ಟೇಷನ್‌ನವರು ಎಕ್ಸ್‌ಬಾಕ್ಸ್‌ನವರ ಜೊತೆ ಆಡಲು ರಾಕ್‌ಸ್ಟಾರ್ ಅವಕಾಶ ಕೊಟ್ಟಿಲ್ಲ. ಆರನೆಯದರಲ್ಲಿ ಕೊಡುತ್ತಾರೆ ಅಂತ ನಂಬಿ ದುಡ್ಡು ಹಾಕಬೇಡಿ. ಕಥೆ ಒಂದು ತಿಂಗಳಲ್ಲಿ ಮುಗಿಯುತ್ತದೆ, ಆಮೇಲೆ ವರ್ಷಗಟ್ಟಲೆ ಆಡುವುದು ಗೆಳೆಯರ ಜೊತೆಗೇ. ನಮ್ಮ ಅಂಗಡಿಗೆ ಬರುವ ಹುಡುಗರಲ್ಲಿ ಪ್ಲೇಸ್ಟೇಷನ್‌ನವರೇ ಜಾಸ್ತಿ, ಸೆಕೆಂಡ್ ಹ್ಯಾಂಡ್ ಡಿಸ್ಕ್ ಸುಲಭವಾಗಿ ಸಿಗುವುದೂ ಅದಕ್ಕೇ.

ಎಕ್ಸ್‌ಬಾಕ್ಸ್‌ನ ಚಂದಾ ಸೇವೆ ಗೇಮ್ ಪಾಸ್‌ನಲ್ಲಿ ಫ್ರೀ ಸಿಗುತ್ತೆ ಅಂತ ಎಕ್ಸ್‌ಬಾಕ್ಸ್ ತಗೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ದೊಡ್ಡ ಹೊಸ ಆಟಗಳನ್ನು ಮೊದಲ ದಿನವೇ ಚಂದಾದಲ್ಲಿ ಕೊಡುವುದು ತಮ್ಮ ವ್ಯಾಪಾರಕ್ಕೆ ಸರಿಹೋಗುವುದಿಲ್ಲ ಅಂತ ರಾಕ್‌ಸ್ಟಾರ್‌ನ ಮಾಲೀಕ ಕಂಪನಿ ಟೇಕ್-ಟುವಿನ ಮುಖ್ಯಸ್ಥ ಸ್ಟ್ರಾಸ್ ಝೆಲ್ನಿಕ್ ಹಲವು ಸಲ ಹೇಳಿದ್ದಾರೆ.

ಪ್ರಶ್ನೆ (ಬೆಂಗಳೂರಿನಿಂದ): ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಇರೋ ಪಿಸಿ ಇದೆ. ಕಾಯಬಹುದಾ?

ಉತ್ತರ: ತಾಳ್ಮೆ ಇದ್ದರೆ ಖಂಡಿತ ಕಾಯಿರಿ. ಆಟವನ್ನು ಘೋಷಿಸಿದಾಗ ಪಿಸಿ ಹೆಸರನ್ನೇ ಎತ್ತಲಿಲ್ಲ, ಆದರೆ ಹಳೇ ಲೆಕ್ಕ ಹೀಗಿದೆ: ಜಿಟಿಎ 4 ಸುಮಾರು ಏಳು ತಿಂಗಳ ನಂತರ ಪಿಸಿಗೆ ಬಂತು, ಜಿಟಿಎ 5 ಹತ್ತೊಂಬತ್ತು ತಿಂಗಳ ನಂತರ, ರೆಡ್ ಡೆಡ್ 2 ಒಂದು ವರ್ಷದ ನಂತರ. ಹಾಗಾಗಿ ಒಂದು-ಒಂದೂವರೆ ವರ್ಷಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಷ್ಟರಲ್ಲಿ ಕಥೆಯೆಲ್ಲ ಯೂಟ್ಯೂಬ್‌ನಲ್ಲಿ ಕಣ್ಣಿಗೆ ಬಿದ್ದಿರುತ್ತದೆ. ಅದು ಸಹಿಸಲಾಗುವುದಿಲ್ಲ ಅನ್ನುವವರು ಸೆಕೆಂಡ್ ಹ್ಯಾಂಡ್ ಪಿಎಸ್5 ತಗೊಂಡು, ಆಡಿ, ಆಮೇಲೆ ಮಾರಿಬಿಡಬಹುದು. ಚೆನ್ನಾಗಿ ಇಟ್ಟುಕೊಂಡ ಕನ್ಸೋಲ್‌ಗೆ ಗಿರಾಕಿ ಸಿಕ್ಕೇ ಸಿಗುತ್ತಾರೆ.

ಪ್ರಶ್ನೆ (ಧಾರವಾಡದಿಂದ): ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಏನೇನು ನೋಡಬೇಕು ಅಣ್ಣಾ?

ಉತ್ತರ: ಮೊಬೈಲ್ ಟಾರ್ಚ್ ಹಾಕಿ ಹಿಂದೆ ಟಿವಿ ಕೇಬಲ್ ಹಾಕುವ ಎಚ್‌ಡಿಎಂಐ ಪೋರ್ಟ್ ಒಳಗೆ ಇಣುಕಿ. ಸಣ್ಣ ಪಿನ್ನುಗಳು ಸಾಲಾಗಿ ನೇರವಾಗಿ ಇರಬೇಕು. ಒಂದು ಬಾಗಿದ್ದರೂ, ಪೋರ್ಟಿನ ತಗಡು ಅಗಲ ಆಗಿದ್ದರೂ ಬೇಡ. ನಮ್ಮ ಟೇಬಲ್‌ಗೆ ಬರುವ ಪಿಎಸ್5ಗಳಲ್ಲಿ ಇದೇ ಜಾಸ್ತಿ. ಕತ್ತಲಲ್ಲಿ ತಡಕಾಡಿ ಕೇಬಲ್ ಚುಚ್ಚುತ್ತಾರೆ, ಇಲ್ಲ ಕೇಬಲ್ ಸಿಕ್ಕಿಸಿಟ್ಟೇ ಕನ್ಸೋಲ್ ಎಳೆಯುತ್ತಾರೆ, ಪಿನ್ ಮುರಿಯುತ್ತದೆ. ಆಮೇಲೆ ಡಿಸ್ಕ್ ಹಾಕಿ ಹೊರಗೆ ತೆಗೆದು ನೋಡಿ, ಒಂದು ಸಲವಲ್ಲ, ಬೇರೆ ಬೇರೆ ಡಿಸ್ಕ್ ಹಾಕಿ. ಅರ್ಧ ಗಂಟೆ ಭಾರೀ ಆಟ ಓಡಿಸಿ. ಫ್ಯಾನ್ ಜೋರಾಗಿ ಕೂಗುತ್ತಿದ್ದರೆ, ಆಟ ತಾನಾಗೇ ಆಫ್ ಆದರೆ ಎದ್ದು ಬನ್ನಿ. ಕಂಟ್ರೋಲರ್ ಕಡ್ಡಿಯಿಂದ ಕೈ ತೆಗೆದಾಗ ಆಟದಲ್ಲಿ ಕ್ಯಾಮೆರಾ ತಾನೇ ತಿರುಗುತ್ತಿದ್ದರೆ ಡ್ರಿಫ್ಟ್ ಬಂದಿದೆ, ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಎಲ್ಲಕ್ಕಿಂತ ಮುಖ್ಯ, ದುಡ್ಡು ಕೊಡುವ ಮೊದಲು ನಿಮ್ಮ ಅಕೌಂಟಿನಿಂದ ಆ ಕನ್ಸೋಲ್‌ನಲ್ಲಿ ಆನ್‌ಲೈನ್ ಲಾಗಿನ್ ಆಗಿ ನೋಡಿ. ಬ್ಯಾನ್ ಆದ (ಕಂಪನಿ ಆನ್‌ಲೈನ್‌ಗೆ ಬಿಡದ) ಕನ್ಸೋಲ್ ನೋಡಲು ಹೊಸದರ ಹಾಗೇ ಇರುತ್ತದೆ.

ಪಿಎಸ್5 ಸ್ಲಿಮ್ (ಚಿಕ್ಕ ಮಾಡೆಲ್) ಆದರೆ ಇನ್ನೊಂದು ಮಾತು. ಅದರ ಡಿಸ್ಕ್ ಡ್ರೈವ್ ಬಿಚ್ಚಿ ಹಾಕಬಹುದು, ಆದರೆ ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕು. ಡ್ರೈವ್ ಬೇರೆ, ಕನ್ಸೋಲ್ ಬೇರೆ ಮಾರುವವರಿದ್ದಾರೆ, ಜೋಡಿಸಿ ಓಡಿಸಿ ತೋರಿಸಲು ಹೇಳಿ.

ಪ್ರಶ್ನೆ (ಶಿವಮೊಗ್ಗದಿಂದ): ನ್ಯೂಜೆರ್ಸಿಯಲ್ಲಿರೋ ನಮ್ಮ ಭಾವ ರಜೆಗೆ ಬರ್ತಿದ್ದಾರೆ. ಪಿಎಸ್5 ಪ್ರೋ (ಹೆಚ್ಚು ಶಕ್ತಿಯ ಮಾಡೆಲ್) ತರಿಸಿಕೊಳ್ಳಲಾ?

ಉತ್ತರ: ತರಿಸಿದರೆ ಇಲ್ಲಿ ಓಡುತ್ತದೆ. ಅದರ ಪವರ್ ಸಪ್ಲೈ ನಮ್ಮ ವೋಲ್ಟೇಜ್‌ಗೂ ಸರಿಹೋಗುತ್ತದೆ, ಪ್ಲಗ್ ಮಾತ್ರ ಬದಲಾಯಿಸಬೇಕು. 2024ರ ನವೆಂಬರ್ 7ರಂದು ಪ್ರೋ ಬೇರೆ ದೇಶಗಳಲ್ಲಿ ಬಂದಾಗ ಸೋನಿ ಅದನ್ನು ಭಾರತಕ್ಕೆ ತರಲಿಲ್ಲ. ಅದರಲ್ಲಿರುವ ವೈ-ಫೈ 7 ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ ಅನ್ನುವುದೇ ಕಾರಣ. ಅಮೆರಿಕದಲ್ಲಿ 699 ಡಾಲರ್‌ಗೆ ಬಂತು, 2025ರ ಆಗಸ್ಟ್‌ನಲ್ಲಿ 749 ಡಾಲರ್ ಆಯಿತು.

ನನಗೆ ಚಿಂತೆ ಇರುವುದು ವಾರಂಟಿಯದ್ದು. ಅಲ್ಲಿ ತಗೊಂಡದ್ದಕ್ಕೆ ಇಲ್ಲಿನ ಸರ್ವಿಸ್ ಸೆಂಟರ್ ವಾರಂಟಿ ಕೊಡುವುದಿಲ್ಲ. ಗುಡುಗು ಮಳೆಯ ಊರು ನಿಮ್ಮದು, ಕರೆಂಟ್ ಹೋಗಿ ಬರುವ ಹೊಡೆತಕ್ಕೆ ಬೋರ್ಡ್ ಹೋದರೆ ಪೂರ್ತಿ ನಷ್ಟ ನಿಮ್ಮದೇ. ನಿಮ್ಮ ಟಿವಿ 4ಕೆ ಅಲ್ಲದಿದ್ದರಂತೂ ಪ್ರೋ ಬೇಡವೇ ಬೇಡ. ಬೇಕೇ ಬೇಕು ಅಂದರೆ ಒಂದು ಯುಪಿಎಸ್ ಕೂಡ ಲೆಕ್ಕಕ್ಕೆ ಹಾಕಿಕೊಳ್ಳಿ. ಮತ್ತೆ ಭಾವನ ಕೈಯಲ್ಲಿ ಅಲ್ಲಿನ ಗಿಫ್ಟ್ ಕಾರ್ಡ್ ತರಿಸಬೇಡಿ. ಇಂಡಿಯಾ ಅಕೌಂಟ್‌ಗೆ ಅಮೆರಿಕದ ಕಾರ್ಡ್ ಹತ್ತುವುದಿಲ್ಲ.

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಸರ್, ಮಗನಿಗೆ 15 ವರ್ಷ. ಈ ಆಟಕ್ಕೆ ಅಂತಲೇ ಪಿಎಸ್5 ಕೇಳ್ತಿದ್ದಾನೆ. ಕೊಡಿಸಬಹುದಾ?

ಉತ್ತರ: ಮೇಡಂ, ಕನ್ಸೋಲ್ ಕೊಡಿಸಿ, ಈ ಆಟ ಈಗ ಬೇಡ. ಜಿಟಿಎ 5ಕ್ಕೆ ಯುರೋಪಿನಲ್ಲಿ 18, ಅಮೆರಿಕದಲ್ಲಿ 17 ತುಂಬಿದವರಿಗೆ ಅನ್ನುವ ರೇಟಿಂಗ್ ಇದೆ. ಕೊಲೆ, ಡ್ರಗ್ಸ್, ಲೈಂಗಿಕ ದೃಶ್ಯ ಎಲ್ಲ ಇರುವ ಸರಣಿ ಇದು. "ಎಲ್ಲರೂ ಆಡ್ತಾರೆ" ಅಂತ ಅವನು ಹೇಳುವುದು ನಿಜವೇ, ನನ್ನ ಅಂಗಡಿಯಲ್ಲೂ ಅದೇ ಮಾತು ದಿನಾ ಕೇಳುತ್ತೇನೆ, ಆದರೂ ಆ ವಯಸ್ಸಿನವರ ಕೈಗೆ ನಾನು ಈ ಡಿಸ್ಕ್ ಕೊಡುವುದಿಲ್ಲ. ಕನ್ಸೋಲ್ ತಂದ ದಿನವೇ ನಿಮ್ಮ ಹೆಸರಿನಲ್ಲಿ ಮುಖ್ಯ ಅಕೌಂಟ್, ಅವನ ನಿಜವಾದ ಹುಟ್ಟಿದ ದಿನ ಹಾಕಿ ಮಕ್ಕಳ ಅಕೌಂಟ್ ಮಾಡಿ. ವಯಸ್ಸಿನ ಮಿತಿ, ಆಡುವ ಸಮಯ, ಖರ್ಚು ಎಲ್ಲವನ್ನೂ ನೀವು ಮೊಬೈಲ್‌ನಿಂದಲೇ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಆನ್‌ಲೈನ್ ಆಟಗಳಲ್ಲಿ ದುಡ್ಡು ಸೋರುವುದು ಕಾರ್ಡ್ ಸೇವ್ ಮಾಡಿಟ್ಟ ಅಕೌಂಟಿನಿಂದ, ಅದೊಂದು ಮಾತ್ರ ಮಾಡಬೇಡಿ.

ಪ್ರಶ್ನೆ (ಬೆಂಗಳೂರಿನಿಂದ): ರಾಕ್‌ಸ್ಟಾರ್ ಆಫೀಸ್ ನಮ್ಮೂರಲ್ಲೇ ಇದೆಯಲ್ಲಾ, ನಮಗೆ ಬೆಲೆ ಕಡಿಮೆ ಆಗುತ್ತಾ?

ಉತ್ತರ: ಆಗುವುದಿಲ್ಲ, ಬೆಲೆ ನಿರ್ಧಾರ ಆಗುವುದು ಅಮೆರಿಕದಲ್ಲಿ. ಆದರೆ ಆಫೀಸ್ ಇರುವುದು ನಿಜ, ಹೆಮ್ಮೆಯ ವಿಷಯವೂ ಹೌದು. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಶುರುಮಾಡಿದಾಗ ನಮ್ಮ ದೇಶದಲ್ಲಿ ಗೇಮ್ ಮಾಡುವ ಕೆಲಸ ಅಂತ ಒಂದಿದೆ ಅನ್ನುವುದೇ ಜನರಿಗೆ ಗೊತ್ತಿರಲಿಲ್ಲ. ಆ ಧ್ರುವವನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡು ತನ್ನ ಬೆಂಗಳೂರು ಸ್ಟುಡಿಯೋ ಜೊತೆ ಸೇರಿಸಿತು. ಆಟ ಮುಗಿದಾಗ ಕೊನೆಗೆ ಬರುವ ಹೆಸರುಗಳನ್ನು ಸ್ಕಿಪ್ ಮಾಡದೆ ನೋಡಿ, ನಮ್ಮವರ ಹೆಸರು ಸಿಗುತ್ತವೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮ್ಮ ಕಡೆ ನೆಟ್ ನಿಧಾನ. ಡಿಸ್ಕ್ ಬುಕ್ ಮಾಡಲಾ, ಡಿಜಿಟಲ್ಲಾ? ಮುಂಗಡ ಕೊಡಬಹುದಾ?

ಉತ್ತರ: ನಿಧಾನ ನೆಟ್ ಇದ್ದರೆ ಡಿಸ್ಕ್, ಡ್ರೈವ್ ಇರುವ ಕನ್ಸೋಲ್. ಡಿಸ್ಕ್ ಇದ್ದರೂ ಮೊದಲ ದಿನದ ಅಪ್‌ಡೇಟ್ ಇಳಿಸಲೇಬೇಕು, ಆದರೆ ಪೂರ್ತಿ ಆಟ ಇಳಿಸುವುದಕ್ಕಿಂತ ಅದು ವಾಸಿ. ರೆಡ್ ಡೆಡ್ 2ಗೆ ಪಿಎಸ್4ನಲ್ಲಿ ಎರಡು ಡಿಸ್ಕ್ ಕೊಟ್ಟಿದ್ದರು, ಒಂದು ಇನ್‌ಸ್ಟಾಲ್ ಮಾಡಲು, ಇನ್ನೊಂದು ಆಡಲು. ಈ ಸಲದ ಡಬ್ಬದಲ್ಲಿ ಪೂರ್ತಿ ಆಟ ಡಿಸ್ಕ್‌ನಲ್ಲೇ ಇದೆಯಾ, ಬರೀ ಕೋಡ್ ಇದೆಯಾ ಅಂತ ಡಬ್ಬದ ಮೇಲೆ ಓದದೆ ಯಾವ ಅಂಗಡಿಗೂ, ನನ್ನ ಅಂಗಡಿಗೂ, ಮುಂಗಡ ಕೊಡಬೇಡಿ.

ಡಿಜಿಟಲ್ ಆದರೆ ಮುಂಗಡ ಕೊಡುವ ಅವಸರವೇ ಇಲ್ಲ, ಅದು ಖಾಲಿಯಾಗುವ ವಸ್ತು ಅಲ್ಲವಲ್ಲ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಬಿಡುಗಡೆಗೆ ಮೊದಲು ಬುಕಿಂಗ್ ಕ್ಯಾನ್ಸಲ್ ಮಾಡಬಹುದು. ಆದರೆ ಡೌನ್‌ಲೋಡ್ ಒಮ್ಮೆ ಶುರುವಾದರೆ ದುಡ್ಡು ವಾಪಸ್ ಸಿಗುವುದು ಕಷ್ಟ, ಅದಕ್ಕೆ ತಾನೇ ಡೌನ್‌ಲೋಡ್ ಆಗುವ ಸೆಟ್ಟಿಂಗ್ ಆಫ್ ಮಾಡಿಡಿ. ಕಥೆ ಮಾತ್ರ ಆಡುವವರು ಮೊದಲ ವಾರ ಬಿಟ್ಟು ತಗೊಳ್ಳಿ. ಆನ್‌ಲೈನ್‌ಗೆ ಕಾಯುತ್ತಿರುವವರು ಇನ್ನೂ ಸ್ವಲ್ಪ ನಿಧಾನಿಸಿ. ಜಿಟಿಎ 5 ಬಂದ ಎರಡು ವಾರದ ಮೇಲೆ, 2013ರ ಅಕ್ಟೋಬರ್ 1ಕ್ಕೆ ಅದರ ಆನ್‌ಲೈನ್ ಶುರುವಾಯಿತು, ಸರ್ವರ್ ಎಷ್ಟು ಕೈಕೊಟ್ಟಿತು ಅಂದರೆ ಆಡುವವರಿಗೆ ಪರಿಹಾರ ಅಂತ ಆಟದೊಳಗಿನ 5 ಲಕ್ಷ ಡಾಲರ್ ಹಂಚಬೇಕಾಯಿತು. ಡಿಸ್ಕ್ ಬೇಕಾದವರು ಊರು ಮತ್ತು ಕನ್ಸೋಲ್ ಮಾಡೆಲ್ ಇಲ್ಲೇ ಬರೆಯಿರಿ, ಸ್ಟಾಕ್ ಮತ್ತು ಬೆಲೆ ಖಚಿತವಾದ ದಿನ ಗುಂಪಿನಲ್ಲಿ ತಿಳಿಸುತ್ತೇನೆ.